ಸಿಮೆಂಟಿನ ಅಗಸ್ತ್ಯನೂ ಭಾಗಮಂಡಲದ ಸಂಜೆ ಬಸ್ಸೂ

1962ನೆಯ ಇಸವಿ, ಏಪ್ರಿಲ್ ತಿಂಗಳು. ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಗಿ ಆರನೆಯ ವರ್ಷ ನಡೆಯುತ್ತಿತ್ತು. ನಾನು ಮಡಿಕೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಸ್ಟ್ಯಾಟಿಸ್ಟಿಕಲ್ ಅಸಿಸ್ಟೆಂಟ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಎಣಿಸುವುದು. ಎಷ್ಟು ಇಂಚು ಮಳೆ, ಎಷ್ಟು ಎಕರೆ ಭತ್ತ, ಎಷ್ಟು ದನ, ಎಷ್ಟು ಗಾಡಿ. ಊರೂರಿನಿಂದ ಬಂದ ಕಾಗದಗಳನ್ನು ಕೂಡಿಸಿ, ಕೋಷ್ಟಕ ಮಾಡಿ, ಮೇಲಕ್ಕೆ ಕಳಿಸಬೇಕು.

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದವನು ನಾನೇ ಮೊದಲು. ಅಪ್ಪ ಶಿರಂಗಾಲದಲ್ಲಿ ಎರಡೆಕರೆ ಗದ್ದೆ ಉಳುತ್ತಿದ್ದವರು. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಮುದ್ದೆ ಉಂಡು, ಎರಡು ಸಲ ಫೇಲಾಗಿ, ಮೂರನೆಯ ಸಲಕ್ಕೆ ಬಿ.ಎಸ್ಸಿ. ಪಾಸು ಮಾಡಿದವನು. ಅಷ್ಟು ಕಷ್ಟಪಟ್ಟು ಕಲಿತದ್ದರಿಂದಲೋ ಏನೋ, ಬರೆದ ಅಕ್ಷರದ ಮೇಲೆ ನನಗಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ಬರೆದಿದ್ದರೆ ಇದೆ, ಬರೆದಿಲ್ಲದಿದ್ದರೆ ಇಲ್ಲ.

ಅದರ ಹಿಂದಿನ ದಸರೆಗೆ ಕುಶಾಲನಗರದಿಂದ ಮಡಿಕೇರಿ ಕಡೆಗೆ ಎರಡು ಮೈಲಿ ದೂರದಲ್ಲಿ ಒಂದು ಹೊಸ ಉದ್ಯಾನ ತೆರೆದಿದ್ದರು. ಬಯಲುಸೀಮೆಯ ಕೆಲವು ಸಾಹುಕಾರರು ಸೇರಿ ಕಟ್ಟಿದ್ದು. ಹೆಸರು ಅಗಸ್ತ್ಯವನ. ಬರಿಯ ಹೂವಿನ ತೋಟವಲ್ಲ, ಕಾವೇರಿಯ ಪುರಾಣವನ್ನೇ ಸಿಮೆಂಟಿನಲ್ಲಿ ಎರಕ ಹೊಯ್ದು ನಿಲ್ಲಿಸಿದ್ದರು. ನಡುವೆ ಹದಿನೈದು ಅಡಿ ಎತ್ತರದ ಅಗಸ್ತ್ಯ ಋಷಿ, ಮುಂದೆ ಕಮಂಡಲು, ಅದರ ಮೇಲೊಂದು ಕಾಗೆ. ಅರ್ಧ ಗಂಟೆಗೊಮ್ಮೆ ಮೋಟಾರು ತಿರುಗಿ ಕಮಂಡಲು ವಾಲುತ್ತಿತ್ತು, ಪಂಪಿನ ನೀರು ಧುಮ್ಮಿಕ್ಕುತ್ತಿತ್ತು, ಮೈಕಿನಲ್ಲಿ ಮಂಗಳವಾದ್ಯ ಕೇಳುತ್ತಿತ್ತು. ಸುತ್ತ ದೋಣಿ, ಮಕ್ಕಳ ರೈಲು, ಬಣ್ಣದ ದೀಪ. ತಲಕಾವೇರಿಯಲ್ಲಿ ತುಲಾ ಸಂಕ್ರಮಣಕ್ಕೆ ವರ್ಷಕ್ಕೊಮ್ಮೆ ಆಗುವ ತೀರ್ಥೋದ್ಭವ ಇಲ್ಲಿ ದಿನಕ್ಕೆ ಹದಿನಾರು ಸಲ.

ಅಪ್ಪನೂ ನೋಡಿ ಬಂದಿದ್ದರು. ಹೇಗಿತ್ತು ಅಂತ ಕೇಳಿದ್ದಕ್ಕೆ, "ಪಂಪು ಕೆಟ್ಟ ದಿವ್ಸ ಕಾವೇರಮ್ಮ ಬರಲ್ವಂತೆ ಕಣ್ಲಾ. ಮೆಕ್ಯಾನಿಕ್ ಬರೋಗಂಟ ಋಷಿ ಸುಮ್ನೆ ಕೂತಿರ್ತಾನಂತೆ" ಎಂದು ತಮ್ಮಷ್ಟಕ್ಕೆ ನಕ್ಕರು.

ನಮ್ಮ ಸಾಹೇಬರು ಮೈಸೂರಿನಿಂದ ವರ್ಗವಾಗಿ ಬಂದವರು, ಚುರುಕಿನ ಮನುಷ್ಯ. ಅವರು ನನ್ನನ್ನು ಕರೆದು ಒಂದು ಕೆಲಸ ಒಪ್ಪಿಸಿದರು. ಹೊಸ ಉದ್ಯಾನ ಬಂದ ಮೇಲೆ ಜಿಲ್ಲೆಯ ಹಳೆಯ ವಸತಿಗೃಹಗಳಿಗೆ ಬರುವ ಜನ ಹೆಚ್ಚಿದ್ದಾರೋ ಕಡಿಮೆಯಾಗಿದ್ದಾರೋ ಎಂದು ಆರು ವಾರದಲ್ಲಿ ವರದಿ ಕೊಡಬೇಕು. ಅದರ ಮೇಲೆ ಬಸ್ಸುಗಳ ಪರ್ಮಿಟ್ಟನ್ನು ಮರುಹಂಚಿಕೆ ಮಾಡುವ ಯೋಚನೆ ಇತ್ತು. ಪರ್ಮಿಟ್ ಎಂದರೆ ಯಾವ ಬಸ್ಸು ಯಾವ ದಾರಿಯಲ್ಲಿ ಯಾವ ಹೊತ್ತಿಗೆ ಓಡಬೇಕೆಂಬ ಅಪ್ಪಣೆ. ಜನ ಇಲ್ಲದ ಕಡೆಯಿಂದ ತೆಗೆದು ಜನ ಇರುವ ಕಡೆ ಹಾಕುವುದು. ಕೇಳಲಿಕ್ಕೆ ನ್ಯಾಯವಾಗಿಯೇ ಇತ್ತು.

ನಾನು ಮೂರು ಕಡೆ ಆರಿಸಿಕೊಂಡೆ. ಕುಶಾಲನಗರದ ಪ್ರವಾಸಿ ಬಂಗಲೆ, ಮಡಿಕೇರಿಯ ಒಂದು ಲಾಡ್ಜು, ಭಾಗಮಂಡಲದಲ್ಲಿ ಬೆಳ್ಯಪ್ಪ ಎಂಬವರ ತಂಗುಮನೆ. ಮಳೆಗಾಲವನ್ನು ಬೇಸಿಗೆಗೆ ಹೋಲಿಸಿದರೆ ಲೆಕ್ಕ ಸುಳ್ಳಾಗುತ್ತದೆ ಎಂಬಷ್ಟು ಬುದ್ಧಿ ನನಗಿತ್ತು. ಉದ್ಯಾನ ತೆರೆದ ಮೇಲಿನ ಆರು ತಿಂಗಳನ್ನು ಅದರ ಹಿಂದಿನ ವರ್ಷದ ಅದೇ ಆರು ತಿಂಗಳ ಪಕ್ಕದಲ್ಲಿಟ್ಟೆ. ಈ ಉಪಾಯ ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ. ಅದಕ್ಕೇ ಸ್ವಲ್ಪ ಜಂಬವೂ ಬಂದಿತ್ತು.

ಭಾಗಮಂಡಲಕ್ಕೆ ಬೆಳಗಿನ ಬಸ್ಸಿನಲ್ಲಿ ಹೋದೆ. ಬೆಳ್ಯಪ್ಪನವರು ಕೊಡಗಿನ ಅರೆಭಾಷೆ ಆಡುವ ಗೌಡರು, ಅರವತ್ತರ ಆಸುಪಾಸು. ಅವರ ಹೆಂಡತಿ ನೀಲಮ್ಮ ಅಡುಗೆ ನೋಡಿಕೊಳ್ಳುತ್ತಿದ್ದರು. ಹೊಳೆಗಳ ಸಂಗಮದಿಂದ ಕೂಗಳತೆ ದೂರದ ಉದ್ದನೆಯ ಹೆಂಚಿನ ಮನೆ. ಮುಂದಿನ ಜಗಲಿಯಲ್ಲಿ ಮೇಜು, ಮೇಜಿನ ಮೇಲೆ ದಪ್ಪ ರಟ್ಟಿನ ರಿಜಿಸ್ಟರು. ಅವರ ತಂದೆಯ ಕಾಲದಿಂದ ಬಂದ ಪದ್ಧತಿಯಂತೆ, ಬಂದವರ ಹೆಸರು, ಊರು, ತಾರೀಕು ಎಲ್ಲ ಒಪ್ಪವಾಗಿ ಬರೆದಿತ್ತು. ಅಷ್ಟು ಚೊಕ್ಕಟವಾದ ಪುಸ್ತಕವನ್ನು ನಾನು ಸರ್ಕಾರಿ ಕಚೇರಿಯಲ್ಲೂ ಕಂಡಿರಲಿಲ್ಲ. ಕಂಡು ಸಂತೋಷವಾಯಿತು. ಜಗಲಿಯಲ್ಲೇ ಕುಳಿತು ಎರಡು ಗಂಟೆ ನಕಲು ಮಾಡಿಕೊಂಡೆ, ಅವರು ಕೊಟ್ಟ ಕಾಫಿ ಕುಡಿದೆ.

ಹೊರಡುವಾಗ ಬೆಳ್ಯಪ್ಪನವರು ಒಂದು ಮಾತು ಹೇಳಿದರು. "ಇವತ್ತು ಇಲ್ಲೇ ಇರಿ ಸಾರ್. ಸಂಜೆ ಬಸ್ ಬಂದ ಮೇಲೆ ನೋಡಿ ಹೋಗಿ."

ಏನು ನೋಡುವುದಿದೆ, ಎಲ್ಲ ಬರೆದುಕೊಂಡಿದ್ದೇನಲ್ಲ ಎಂದು ಹೇಳಿ ಮಧ್ಯಾಹ್ನದ ಬಸ್ಸು ಹತ್ತಿದೆ. ಹಿಂದಿನ ಜಗಲಿಗೆ ಹೋಗಿ ನೋಡಲಿಲ್ಲ. ಆ ಮನೆಗೆ ಹಿಂದೊಂದು ಜಗಲಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಲೆಕ್ಕ ಕೂಡಿಸಿದಾಗ ಚಿತ್ರ ಕನ್ನಡಿಯಷ್ಟು ಸ್ಪಷ್ಟ. ಕುಶಾಲನಗರದ ಬಂಗಲೆಯಲ್ಲಿ ಹೆಸರುಗಳು ಹೆಚ್ಚಿದ್ದವು. ಮಡಿಕೇರಿಯಲ್ಲಿ ಅಷ್ಟಿಷ್ಟು ಇಳಿದಿದ್ದವು. ಭಾಗಮಂಡಲದಲ್ಲಿ ಮೂರರಲ್ಲಿ ಎರಡು ಪಾಲು ಹೋಗಿಬಿಟ್ಟಿತ್ತು. ಗ್ರಾಫ್ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಕುಶಾಲನಗರದ ಬಂಗಲೆಯ ಗೆರೆ ಎಳೆದೆ, ಏರುತ್ತಾ ಹೋಯಿತು. ನೀಲಿ ಶಾಯಿಯಲ್ಲಿ ಬೆಳ್ಯಪ್ಪನವರ ಗೆರೆ, ಇಳಿಯುತ್ತಾ ಹೋಯಿತು. ಎರಡೂ ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಒಂದು ಸಣ್ಣ ಸೊನ್ನೆ ಸುತ್ತಿದೆ. ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕಚೇರಿಯಲ್ಲಿ ಎಲ್ಲರೆದುರು ನನ್ನ ಹೆಸರು ಹೇಳಿ ಹೊಗಳಿದರು. ನಾನು ಆ ವಾರ ಅಪ್ಪನಿಗೆ ಬರೆದ ಕಾಗದದಲ್ಲಿ ಅದನ್ನೂ ಸೇರಿಸಿದೆ. ಓದಿ ಹೇಳುವವನು ನನ್ನ ತಮ್ಮ.

ಮೇ ತಿಂಗಳ ಕೊನೆಗೆ ಅಪ್ಪಣೆಯಾಯಿತು. ಸಂಜೆ ಐದೂವರೆಗೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗಿ, ಅಲ್ಲೇ ತಂಗಿ, ಬೆಳಿಗ್ಗೆ ಹಿಂದಿರುಗುತ್ತಿದ್ದ ಬಸ್ಸು ಇನ್ನು ಆ ದಾರಿಯಲ್ಲಿ ಓಡುವುದಿಲ್ಲ. ಜುಲೈ ಒಂದರಿಂದ ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ, ಉದ್ಯಾನದಲ್ಲಿ ನಿಂತು ಹೋಗುತ್ತದೆ. ಬಸ್ಸಿನ ಮಾಲೀಕರಿಗೂ ಸಂತೋಷ. ಘಟ್ಟದ ದಾರಿ ತಪ್ಪಿತು, ಟೈರು ಉಳಿಯಿತು.

ಜೂನ್ ಮೊದಲ ವಾರ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಆ ಸಂಜೆ ಬಸ್ಸಿನ ಕಂಡಕ್ಟರ್ ಮೊಯ್ದು ಎದುರಿಗೆ ಬಂದು ಕುಳಿತ. ಮಲಯಾಳಿ ಮುಸಲ್ಮಾನ, ಇಪ್ಪತ್ತು ವರ್ಷದಿಂದ ಅದೇ ದಾರಿಯಲ್ಲಿ ಇದ್ದವನು.

"ಎಂತ ಸಾರೇ, ನಮ್ಮ ಬಸ್ಸಿಗೆ ಬ್ರೇಕ್ ಹಾಕಿದ್ದು ನೀವಂತೆ?"

ಖಾಲಿ ಓಡುವ ಬಸ್ಸನ್ನು ಯಾರಾದರೂ ನಿಲ್ಲಿಸಲೇಬೇಕು ಎಂದು ನಾನು ಸ್ವಲ್ಪ ಬಿಗಿಯಾಗಿಯೇ ಹೇಳಿದೆ.

"ಖಾಲಿಯಾ?" ಮೊಯ್ದು ಹೋಟೆಲಿನವರಿಗೆಲ್ಲ ಕೇಳುವಂತೆ ನಕ್ಕ. "ನಿನ್ನೆ ನಂಗೇ ನಿಲ್ಲಲಿಕ್ಕೆ ಜಾಗ ಇರ್ಲಿಲ್ಲ. ನೀವು ಎಣಿಸಿದ್ದು ಕಾಗದ ಸಾರೇ, ನಾನು ಎಣಿಸುವುದು ತಲೆ. ಒಂದು ದಿವಸ ಹತ್ತಿ ನೋಡಿ. ಟಿಕೆಟ್ ನೀವೇ ತೆಗೀಬೇಕು, ಅದು ಬೇರೆ ಮಾತು."

ಸಿಟ್ಟು ಬಂತು. ಸಿಟ್ಟಿನಲ್ಲೇ ಅದೇ ಸಂಜೆ ಬಸ್ಸು ಹತ್ತಿದೆ. ಇವನ ಮಾತು ಸುಳ್ಳು ಮಾಡಿ ಬರಬೇಕು ಎಂದಿತ್ತು.

ಬಸ್ಸು ತುಂಬಿತ್ತು. ಆದರೆ ಆ ಬಸ್ಸಿನಲ್ಲಿ ಮಾತಿರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತವರು ಕೊಡ್ಲಿಪೇಟೆ ಕಡೆಯ ಅಣ್ಣತಮ್ಮಂದಿರು. ದೊಡ್ಡವನ ತೊಡೆಯ ಮೇಲೆ ಹೊಸ ಬಿಳಿ ಬಟ್ಟೆಯಲ್ಲಿ ಬಾಯಿ ಕಟ್ಟಿದ ಮಣ್ಣಿನ ಕುಡಿಕೆ. ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ಅವನು ಅದನ್ನು ಎರಡು ಕೈಯಲ್ಲೂ ತಬ್ಬಿಕೊಳ್ಳುತ್ತಿದ್ದ. ಮುಂದಿನ ಸೀಟಿನಲ್ಲಿ ಇನ್ನೊಂದು ಕುಡಿಕೆ. ಬಾಗಿಲ ಹತ್ತಿರ ಮತ್ತೊಂದು. ಸತ್ತವರ ಬೂದಿಯನ್ನು ಸಂಗಮದಲ್ಲಿ ಬಿಡಲು, ಪಿಂಡ ಇಡಲು ಹೊರಟವರು ಅರ್ಧಕ್ಕಿಂತ ಹೆಚ್ಚು. ಬೆಳಗಿನ ಜಾವ ಮಿಂದು ಕಾರ್ಯ ಮಾಡಬೇಕಾದವರು ಹಿಂದಿನ ಸಂಜೆಯೇ ಊರು ಮುಟ್ಟಬೇಕು. ಅದಕ್ಕಿದ್ದದ್ದು ಅದೊಂದೇ ಬಸ್ಸು.

ಕಾರ್ಯಕ್ಕೆ ಬಂದವರೆಲ್ಲ ಇಳಿದು ಬೆಳ್ಯಪ್ಪನವರ ಮನೆಗೇ ನಡೆದರು. ಆದರೆ ಮುಂದಿನ ಜಗಲಿಗೆ ಹೋಗಲಿಲ್ಲ. ಮನೆಯನ್ನು ಬಳಸಿ ಹಿಂದಕ್ಕೆ ಹೋದರು. ನಾನೂ ಹೋದೆ. ಹಿಂದಿನ ಜಗಲಿ ಮುಂದಿನದಕ್ಕಿಂತ ಎರಡರಷ್ಟು ಉದ್ದವಿತ್ತು. ಗೋಡೆಯ ಉದ್ದಕ್ಕೂ ಸಾಲಾಗಿ ಮರದ ಗೂಟಗಳು. ಕುಡಿಕೆಗಳನ್ನು ಒಂದೊಂದಾಗಿ ಆ ಗೂಟಗಳಿಗೆ ತೂಗು ಹಾಕಿದರು. ಬೂದಿಯ ಕುಡಿಕೆಯನ್ನು ಯಾರ ಮನೆಯ ಒಳಗೂ ಬಿಡುವುದಿಲ್ಲ, ನೆಲದ ಮೇಲೂ ಇಡುವ ಹಾಗಿಲ್ಲ. ಅದಕ್ಕಾಗಿ ಜಾಗ ಮಾಡಿಟ್ಟಿದ್ದ ಮನೆ ಅದು. ನೀಲಮ್ಮ ಬಿಸಿನೀರು ಕಾಯಿಸಿಟ್ಟಿದ್ದರು, ಉಪ್ಪು ಹುಳಿ ಕಡಿಮೆ ಮಾಡಿ ಸಪ್ಪೆ ಅಡುಗೆ ಮಾಡಿದ್ದರು. ಇಪ್ಪತ್ತಾರು ಜನ ಇದ್ದರು. ನಾನೇ ಎಣಿಸಿದೆ.

ಮುಂದೆ ಬಂದು ರಿಜಿಸ್ಟರು ತೆರೆದೆ. ಆ ದಿನದ ತಾರೀಕಿನ ಕೆಳಗೆ ಒಂದು ಹೆಸರೂ ಇರಲಿಲ್ಲ.

ಯಾಕೆ ಬರೆಯಲಿಲ್ಲ ಎಂದು ಬೆಳ್ಯಪ್ಪನವರನ್ನು ಹೆಚ್ಚುಕಡಿಮೆ ಗದರಿಸಿಯೇ ಕೇಳಿದೆ. ಅವರು ಅರೆಭಾಷೆ ಬೆರೆಸಿದ ಕನ್ನಡದಲ್ಲಿ, ಏನೂ ಅವಸರವಿಲ್ಲದೆ ಹೇಳಿದರು.

"ಈ ಪುಸ್ತಕದಲ್ಲಿ ಹೆಸರು ಬರೆದವರಿಗೆ ಹೊರಡುವಾಗ ಮತ್ತೆ ಬನ್ನಿ ಅಂತ ಹೇಳ್ತೇವೆ ಸಾರ್. ಅಪ್ಪನ ಕಾಲದಿಂದ ಹಾಗೇ ಉಟ್ಟು, ಹಾಗೇ ನಡೆದು ಬಂದದ್ದು. ಸಾವಿನ ಕೆಲಸಕ್ಕೆ ಬಂದವರಿಗೆ ಮತ್ತೆ ಬನ್ನಿ ಅಂತ ಯಾವ ಬಾಯಲ್ಲಿ ಹೇಳುವುದು? ಅದಕ್ಕೆ ಅವರನ್ನು ಬರೆಯುವುದಿಲ್ಲೆ."

ಆಗ ನನಗೆ ತಿಳಿಯಿತು. ನನ್ನ ಲೆಕ್ಕದಲ್ಲಿ ಕೂಡಿಸುವ ತಪ್ಪು ಒಂದೂ ಇರಲಿಲ್ಲ. ಆ ಪುಸ್ತಕದಲ್ಲಿ ಇದ್ದವರು ಸಂತೋಷಕ್ಕೆ ಬಂದವರು ಮಾತ್ರ. ಹೊಳೆ ನೋಡಲು, ಬೆಟ್ಟ ಹತ್ತಲು, ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದವರು. ಅವರನ್ನು ಸಿಮೆಂಟಿನ ಅಗಸ್ತ್ಯ ನಿಜವಾಗಿಯೂ ಸೆಳೆದುಕೊಂಡಿದ್ದ. ದುಃಖಕ್ಕೆ ಬರುವವರಲ್ಲಿ ಒಬ್ಬನನ್ನೂ ಅವನು ಸೆಳೆದಿರಲಿಲ್ಲ. ಪಂಪಿನ ನೀರಿನಲ್ಲಿ ಅಪ್ಪನ ಬೂದಿ ಯಾರು ಬಿಡುತ್ತಾರೆ? ಆ ಮನೆಯೂ ಆ ಬಸ್ಸೂ ನಡೆಯುತ್ತಿದ್ದದ್ದು ಇವರಿಂದ. ಇವರು ಯಾರೂ ನನ್ನ ನೀಲಿ ಗೆರೆಯಲ್ಲಿ ಇರಲಿಲ್ಲ.

ಬೆಳಿಗ್ಗೆ ಬಂದವನೇ ಸಾಹೇಬರ ಮುಂದೆ ನಿಂತೆ. ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿದರು.

"ಅಂದ್ರೆ ನಿನ್ನ ಅಂಕಿ ತಪ್ಪು ಅಂತೀಯಾ?"

"ಅಂಕಿ ತಪ್ಪಿಲ್ಲ ಸಾರ್, ಅರ್ಥ ತಪ್ಪಿದೆ."

"ಅರ್ಥಕ್ಕೆ ಕಾಲಂ ಇಲ್ಲವಲ್ಲಪ್ಪ."

ಪುಸ್ತಕದಲ್ಲಿ ಇಲ್ಲದ ಜನರನ್ನು ಫೈಲಿಗೆ ಸೇರಿಸಲು ಬರುವುದಿಲ್ಲ, ಬೇಕಾದರೆ ಹೆಸರು, ಊರು, ತಾರೀಕು ಇರುವ ರಿಜಿಸ್ಟರು ತಂದು ತೋರಿಸು ಎಂದರು. ಬಸ್ಸಿನ ಟಿಕೆಟ್ ಪುಸ್ತಕ ತರಿಸಬಹುದಲ್ಲ ಎಂದೆ. ಎಷ್ಟು ಜನ ಹತ್ತಿದರು ಅಂತ ಅದು ಹೇಳುತ್ತದೆ, ಎಲ್ಲಿ ತಂಗಿದರು ಅಂತ ಹೇಳುವುದಿಲ್ಲ, ಅದೂ ಅಲ್ಲದೆ ದಾರಿ ಬದಲಿಸಿ ಎಂದು ಮಾಲೀಕನೇ ಕೇಳಿಕೊಂಡಿದ್ದಾನೆ ಎಂದರು. ಒಂದೊಂದು ಮಾತಿಗೂ ಅವರ ಹತ್ತಿರ ಉತ್ತರವಿತ್ತು. ನನ್ನನ್ನು ಚುಚ್ಚಿದ್ದು ಅದಲ್ಲ. ಎರಡು ತಿಂಗಳ ಹಿಂದೆ ಬೇರೆ ಯಾರಾದರೂ ಬಂದು ಹೀಗೆ ಕೇಳಿದ್ದರೆ ನಾನೂ ಇದೇ ಉತ್ತರ ಕೊಡುತ್ತಿದ್ದೆ.

ಭಾನುವಾರ ಮತ್ತೆ ಭಾಗಮಂಡಲಕ್ಕೆ ಹೋದೆ. ಒಂದೇ ಒಂದು ತಿಂಗಳು ಬರೆಯಿರಿ, ಬಸ್ಸು ಉಳಿಯುತ್ತದೆ ಎಂದು ಬೆಳ್ಯಪ್ಪನವರನ್ನು ಬೇಡಿಕೊಂಡೆ. ಅವರು ತಲೆಯಾಡಿಸಿದರು. ಬೇರೆ ಪುಸ್ತಕ ಮಾಡಿ ಎಂದೆ.

"ಬೇರೆ ಮಾಡಿದರೆ ಅದು ಸಾವಿನ ಪುಸ್ತಕ ಆಗ್ತದೆ. ಮನೆಯಲ್ಲಿ ಇಡಲಿಕ್ಕೆ ಆಗ್ತದಾ ಸಾರ್?"

ಒಳಗಿಂದ ನೀಲಮ್ಮ, "ಬಸ್ ನಿಂತರೆ ಉಣ್ಣಲಿಕ್ಕೆ ಜನ ಇಲ್ಲೆ. ಆಗ ಇವರಿಗೆ ಆ ಪುಸ್ತಕವನ್ನೇ ಬೇಯಿಸಿ ಬಡಿಸ್ತೇನೆ" ಎಂದರು. ಅವರ ದನಿಯಲ್ಲಿ ತಮಾಷೆ ಅರ್ಧವೇ ಇತ್ತು. ಗಂಡ ಅದಕ್ಕೂ ಜಗ್ಗಲಿಲ್ಲ.

"ಬಸ್ ಹೋದರೆ ಇನ್ನೊಂದು ಬಂದೀತು. ಇನ್ನೊಬ್ಬರ ಮನೆಗೆ ಮತ್ತೆ ಸಾವು ಬರಲಿ ಅಂತ ನಾನು ಬರೆದ ಹಾಗೆ ಆದರೆ, ಅದನ್ನು ಯಾವ ರಬ್ಬರಿನಲ್ಲಿ ಉಜ್ಜುವುದು?"

ಇಂಥ ಹಟಕ್ಕೆ ಏನು ಹೇಳುವುದು? ನಾನು ಪದವೀಧರ, ವಿಜ್ಞಾನ ಓದಿದವನು. ಅದು ಮೂಢನಂಬಿಕೆ ಎಂದು ಹೇಳಬಹುದಿತ್ತು. ಹಿಂದೆ ಗೂಟದಲ್ಲಿ ನಾಲ್ಕು ಕುಡಿಕೆ ತೂಗುತ್ತಿದ್ದವು.

ಕೊನೆಗೆ ನಾನೇ ಎಣಿಸಲು ಹೊರಟೆ. ಹನ್ನೊಂದು ಸಂಜೆ ಕಚೇರಿಯಿಂದ ನೇರ ಬಸ್ಸಿಗೆ, ಬೆಳಗಿನ ಬಸ್ಸಿನಲ್ಲಿ ವಾಪಸು ಕಚೇರಿಗೆ. ಜೂನ್ ತಿಂಗಳ ಮಳೆ, ಒದ್ದೆ ಪ್ಯಾಂಟು, ಕೆಮ್ಮು. ಹೆಸರಿಲ್ಲದೆ ತಲೆ ಮಾತ್ರ ಬರೆದುಕೊಂಡೆ. ಮೂವತ್ತೊಂದು, ಹತ್ತೊಂಬತ್ತು, ಇಪ್ಪತ್ತೆಂಟು, ಹೀಗೆ. ಮೊಯ್ದು ನನಗಾಗಿ ಕಿಟಕಿ ಪಕ್ಕದ ಸೀಟು ಹಿಡಿದಿಡುತ್ತಿದ್ದ, ಟಿಕೆಟ್ ಮಾತ್ರ ಬಿಡುತ್ತಿರಲಿಲ್ಲ. ಹನ್ನೆರಡನೆಯ ದಿನ ಆ ಹಾಳೆಗಳನ್ನು ಪಿನ್ನು ಹಾಕಿ ಸಾಹೇಬರ ಮೇಜಿನ ಮೇಲಿಟ್ಟೆ.

ಮೂರನೆಯ ದಿನ ಉತ್ತರ ಬಂತು. ಅದು ಮೆಮೋ. ಮೇಲಧಿಕಾರಿಯ ಅಪ್ಪಣೆ ಇಲ್ಲದೆ ಹನ್ನೊಂದು ರಾತ್ರಿ ಕೇಂದ್ರಸ್ಥಾನ ಬಿಟ್ಟು ಹೋದದ್ದಕ್ಕೆ ಸಮಜಾಯಿಷಿ ಕೊಡಬೇಕು ಎಂದಿತ್ತು. ಹಾಳೆಗಳ ಬಗ್ಗೆ ಒಂದು ಅಕ್ಷರವಿಲ್ಲ. ನಾನು ಎಣಿಸಿದ ಜನರಿಗೆ ಸಾಕ್ಷಿ ಸಾಲಲಿಲ್ಲ, ನಾನು ಊರಲ್ಲಿ ಇರಲಿಲ್ಲ ಎಂಬುದಕ್ಕೆ ಮಾತ್ರ ಅವೇ ಹಾಳೆಗಳು ಸಾಕ್ಷಿಯಾದವು. ಸಮಜಾಯಿಷಿ ಕೊಟ್ಟೆ. ಎಚ್ಚರಿಕೆ ನೀಡಿದೆ ಎಂದು ನನ್ನ ಸರ್ವಿಸ್ ರಿಜಿಸ್ಟರಿನಲ್ಲಿ ಬರೆದರು. ಅದು ಮಾತ್ರ ಒಪ್ಪವಾಗಿ ಬರೆದಾಯಿತು.

ಜುಲೈ ಒಂದರಂದು ಬಸ್ಸು ದಾರಿ ಬದಲಿಸಿತು. ಮಳೆ ಹಿಡಿದ ಮೇಲೆ ಉದ್ಯಾನಕ್ಕೆ ಯಾರು ಹೋಗುತ್ತಾರೆ? ಅಗಸ್ತ್ಯನ ತಲೆಯ ಮೇಲೆ ಆಕಾಶದ ನೀರೇ ಬೀಳುತ್ತಿರುವಾಗ ಕಮಂಡಲುವಿನದು ಯಾರಿಗೆ ಬೇಕು? ಮೂರು ತಿಂಗಳು ಆ ಬಸ್ಸು ಗಾಳಿಯನ್ನು ಹೊತ್ತು ಓಡಾಡಿತು. ಆದರೂ ಹಿಂದಕ್ಕೆ ಹಾಕಲಿಲ್ಲ. ವರದಿ ಇತ್ತಲ್ಲ, ಗ್ರಾಫ್ ಇತ್ತಲ್ಲ. ಬೆಳ್ಯಪ್ಪನವರು ಹಿಂದಿನ ಕೋಣೆಗಳಲ್ಲಿ ಎರಡಕ್ಕೆ ಬೀಗ ಹಾಕಿದರೆಂದು ಕೇಳಿದೆ. ಹೋಗಿ ಮುಖ ತೋರಿಸುವ ಧೈರ್ಯವಾಗಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡರು. ಗದ್ದೆಯಿಂದ ಬಂದು ಎದೆ ನೋವು ಎಂದು ಕುಳಿತವರು ಏಳಲಿಲ್ಲ. ಮೂರನೆಯ ದಿನ ಬೂದಿ ಆಯ್ದು ಕುಡಿಕೆಗೆ ತುಂಬಿ, ಬಿಳಿ ಬಟ್ಟೆ ಕಟ್ಟಿ, ನಾನೂ ತಮ್ಮನೂ ಕುಶಾಲನಗರಕ್ಕೆ ಬಂದೆವು. ಅಲ್ಲಿ ಮಡಿಕೇರಿಗೆ ಸಿಕ್ಕಿದ ಬಸ್ಸು ಅದೇ. ಕಂಡಕ್ಟರ್ ಮೊಯ್ದು. ನನ್ನ ತೊಡೆಯ ಮೇಲಿನ ಕುಡಿಕೆ ನೋಡಿದ, ಟೊಪ್ಪಿ ತೆಗೆದ, ಕಿಟಕಿ ಪಕ್ಕಕ್ಕೆ ಜಾಗ ಮಾಡಿಕೊಟ್ಟ. ಒಂದು ಮಾತು ಅಂದುಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಬಸ್ಸು ಉದ್ಯಾನದ ಬಾಗಿಲಲ್ಲಿ ಹತ್ತು ನಿಮಿಷ ನಿಂತಿತು. ಮೈಕಿನಲ್ಲಿ ಮಂಗಳವಾದ್ಯ ಶುರುವಾಯಿತು. ಗೇಟಿನ ಆಚೆ ಕಮಂಡಲು ವಾಲಿತು, ನೀರು ಬಿತ್ತು, ಜನ ಕೈಮುಗಿದರು. ಅಪ್ಪ ನಕ್ಕದ್ದು ನೆನಪಾಯಿತು.

ಮಡಿಕೇರಿ ಮುಟ್ಟಿದಾಗ ನಾಲ್ಕು ಗಂಟೆ. "ಅಣ್ಣ, ಭಾಗಮಂಡಲಕ್ಕೆ ಸಂಜೆ ಬಸ್ ಇತ್ತಲ್ವಾ?" ತಮ್ಮ ಕೇಳಿದ.

"ಈಗ ಇಲ್ಲ ಕಣೋ."

ಯಾಕೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಕುಡಿಕೆಯನ್ನು ಕಾಂಪೌಂಡಿನ ಒಳಗೂ ಬಿಡಲಾಗದು ಎಂದರು. ಅವರದೂ ತಪ್ಪಲ್ಲ. ಬಸ್ ನಿಲ್ದಾಣದ ಹಿಂದಿನ ಮರದ ಕೊಂಬೆಗೆ ಅಪ್ಪನನ್ನು ತೂಗು ಹಾಕಿ, ಚಳಿಯಲ್ಲಿ ಬೆಳಗಿನ ಬಸ್ಸಿಗಾಗಿ ಕಾದೆವು. ಆ ಮರದ ಕೊಂಬೆಯಲ್ಲಿ ಹಳೆಯ ದಾರದ ತುಂಡುಗಳು ಸುಮಾರು ಇದ್ದವು. ನಮಗಿಂತ ಮೊದಲು ಬಂದವರದ್ದು. ನಾನು ಅವನ್ನು ಎಣಿಸಲಿಲ್ಲ.

ಮರುದಿನ ಸಂಗಮದಲ್ಲಿ ಕಾರ್ಯ ಮುಗಿಸಿ ಬೆಳ್ಯಪ್ಪನವರ ಮನೆಯಲ್ಲಿ ಉಂಡೆವು. ನೀಲಮ್ಮ ತಮ್ಮನ ಎಲೆಗೆ ಎರಡು ಸಲ ಅನ್ನ ಬಡಿಸಿದರು. ಚೀಲ ತೆಗೆದುಕೊಳ್ಳಲು ಮುಂದಿನ ಜಗಲಿಗೆ ಬಂದಾಗ ಮೇಜಿನ ಮೇಲೆ ರಿಜಿಸ್ಟರು ತೆರೆದೇ ಇತ್ತು. ಅಭ್ಯಾಸಬಲದಿಂದ ನನ್ನ ಕೈ ಪೆನ್ನಿಗೆ ಹೋಯಿತು. ಬೆಳ್ಯಪ್ಪನವರು ಪುಸ್ತಕವನ್ನು ಮೆಲ್ಲನೆ ಮುಚ್ಚಿದರು.

"ಬೇಡ ತಮ್ಮಾ."

ಅದುವರೆಗೆ ಅವರು ನನ್ನನ್ನು ಸಾರ್ ಎಂದೇ ಕರೆಯುತ್ತಿದ್ದರು. ನಾವು ಹೊರಟೆವು. ಹೋಗಿಬರುತ್ತೇವೆ ಎಂದು ನಾವು ಹೇಳಲಿಲ್ಲ. ಅವರು ಮೆಟ್ಟಿಲಲ್ಲಿ ನಿಂತು ಹೊಳೆಯ ಕಡೆ ನೋಡುತ್ತಿದ್ದರು.

ನಾಲ್ಕು ವರ್ಷದ ಮೇಲೆ ಸಂಜೆ ಬಸ್ಸು ಮತ್ತೆ ಬಂತು. ಯಾಕೆ ಬಂತು ಎಂದು ಫೈಲಿನಲ್ಲಿ ಕಾರಣವಿಲ್ಲ. ನನ್ನ ಹನ್ನೊಂದು ಹಾಳೆಗಳಿಂದಂತೂ ಅಲ್ಲ. ಆಮೇಲೆ ನಾನು ಬೇರೆ ಬೇರೆ ಜಿಲ್ಲೆಗಳಲ್ಲಿ ಆಸ್ಪತ್ರೆ, ಶಾಲೆ, ಸಂತೆ, ಗಂಜಿಕೇಂದ್ರಗಳ ರಿಜಿಸ್ಟರುಗಳನ್ನು ತಪಾಸಣೆ ಮಾಡಿದೆ. ಎಲ್ಲಿಗೆ ಹೋದರೂ ಪುಸ್ತಕ ತೆರೆಯುವ ಮೊದಲು ಬರೆಯುವವನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದೆ. ಇದರಲ್ಲಿ ನೀನು ಯಾರನ್ನು ಬರೆಯುವುದಿಲ್ಲ? ಮೊದಲು ಎಲ್ಲರನ್ನೂ ಬರೆಯುತ್ತೇನೆ ಎನ್ನುತ್ತಾರೆ. ಪುಸ್ತಕ ತೆರೆಯದೆ ಕಾದರೆ ಹೇಳಲು ತೊಡಗುತ್ತಾರೆ. ಈ ಪ್ರಶ್ನೆಯನ್ನು ಬಿ.ಎಸ್ಸಿ.ಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.

ಸಂಜೆ ಬಸ್ಸು ಯಾಕೆ ಇರಲಿಲ್ಲ ಎಂಬುದನ್ನು ತಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಅಂದು ನನ್ನ ಕಾಗದಗಳನ್ನು ಅಪ್ಪನಿಗೆ ಓದಿ ಹೇಳುತ್ತಿದ್ದವನು ಅವನೇ. ಇದನ್ನೂ ಅವನೇ ಓದಲಿ.